ಹಳೆ ಮಣ್ಣಿನ ಮನೆಯ ಗೋಡೆ ಒದ್ದೆಯಾಗುತ್ತಿದ್ದರೆ: ನೀರಿನ ದಾರಿ ಹುಡುಕುವುದು ಹೇಗೆ

ನಮ್ಮದು ಮೂಡಿಗೆರೆ ಕಡೆಯ ಹಳೆ ತೊಟ್ಟಿ ಮನೆ. ಕಲ್ಲಿನ ಪಂಚಾಂಗ (ಅಡಿಪಾಯ), ಅದರ ಮೇಲೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ನಮ್ಮ ಯಜಮಾನರ ಅಜ್ಜ ಕಟ್ಟಿಸಿದ್ದು. ಅದನ್ನು ಸ್ವಲ್ಪ ಸ್ವಲ್ಪವಾಗಿ ರಿಪೇರಿ ಮಾಡಿಸುತ್ತಾ, ಅದರೊಳಗೇ ಅಡುಗೆ ಮಾಡಿಕೊಂಡು, ಅದರೊಳಗೇ ಮಲಗಿಕೊಂಡು ನಾಲ್ಕು ಮಳೆಗಾಲ ಕಳೆದಿದ್ದೇವೆ. ತೋಟ, ದನ ಎಲ್ಲಾ ಇಲ್ಲೇ ಇರುವಾಗ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಕೂರುವುದು ಆಗದ ಮಾತು.

ಎರಡನೇ ಮಳೆಗಾಲದಲ್ಲಿ ಪಡಸಾಲೆಯ ಗೋಡೆ ಒದ್ದೆಯಾಗಲು ಶುರುವಾಯಿತು. ಆರಿದ್ರ ಮಳೆಗೆ ನೆಲದ ಹತ್ತಿರ ಒಂದು ಗೇಣು ತೇವ ಕಾಣಿಸಿತು, ಪುಷ್ಯ ಮುಗಿಯುವಷ್ಟರಲ್ಲಿ ಅದು ಮೂರಡಿ ಏರಿತ್ತು. ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಬೆರಳಲ್ಲಿ ಮುಟ್ಟಿದರೆ ಬಿಳಿ ಉಪ್ಪು ಅಂಟುತ್ತಿತ್ತು. ಹಿಂದಿನ ಬೇಸಿಗೆಯಲ್ಲಷ್ಟೇ ಆ ಗೋಡೆಗೆ ಸಿಮೆಂಟ್ ಗಾರೆ ಮಾಡಿಸಿ, ಒಳ್ಳೆ ಬಣ್ಣ ಹೊಡೆಸಿದ್ದೆವು. ನೋಡಿದವರೆಲ್ಲಾ ಒಂದೊಂದು ಹೇಳಿದರು. ಹೆಂಚು ಸೋರುತ್ತಿದೆ ಅಂದರು, ವಾಟರ್‌ಪ್ರೂಫ್ ಹೊಡೆಸಿ ಅಂದರು, ಇನ್ನೊಂದು ಕೋಟ್ ಸಿಮೆಂಟ್ ಹಾಕಿಸಿ ಅಂದರು. ಕೊನೆಗೆ ನಾವು ಮಾಡು, ಅಂದರೆ ಹೆಂಚಿನ ಚಾವಣಿ, ಬಿಚ್ಚಿಸಿ ಹೆಂಚಿನಡಿಯ ರೀಪು (ಮರದ ಪಟ್ಟಿ) ಬದಲಾಯಿಸಿದೆವು. ತುಂಬಾ ದುಡ್ಡು ಹೋಯಿತು. ಗೋಡೆ ಮಾತ್ರ ಮುಂದಿನ ವರ್ಷವೂ ಅಷ್ಟೇ ಒದ್ದೆಯಾಯಿತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಇಂಥ ಮನೆಗಳು ಇನ್ನೂ ಬೇಕಾದಷ್ಟು ಇವೆ. ಗೋಡೆ ಒದ್ದೆ ಅಂದ ಕೂಡಲೇ ಮೇಸ್ತ್ರಿ ಕರೆಸಬೇಡಿ. ನೀರು ಬರುವುದಕ್ಕೆ ಐದಾರು ದಾರಿಗಳಿವೆ, ಒಂದೊಂದು ದಾರಿಯ ಗುರುತೂ ಬೇರೆ, ಅದನ್ನು ಮಳೆಗಾಲದಲ್ಲೇ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಎಲ್ಲಾ ಗೋಡೆಯೂ ಒಂದೇ ಥರ ಕಾಣುತ್ತದೆ.

ಮೊದಲು ಕರೆಂಟು

ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಬೇರೆ ಏನು ನೋಡುವ ಮೊದಲು ಅದನ್ನು ನೋಡಿ. ನಮ್ಮ ಮನೆಯಲ್ಲಿ ಮಳೆ ಜೋರಾದ ರಾತ್ರಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದುಹೋಗುತ್ತಿತ್ತು, ಬೆಳಿಗ್ಗೆ ಎತ್ತಿದರೆ ನಿಲ್ಲುತ್ತಿರಲಿಲ್ಲ. ಅದು ಬೀಳುವುದೇ ನಮ್ಮ ಜೀವ ಉಳಿಸುವುದಕ್ಕೆ. ಮನೆಗೆ ಹಾಕುವ 30 ಮಿಲಿ ಆಂಪಿಯರ್‌ನದು, ಅಷ್ಟು ಕರೆಂಟು ಗೋಡೆಗೋ ಮೈಗೋ ಸೋರಿದರೆ ಲೈನ್ ಕತ್ತರಿಸುತ್ತದೆ. "ಸುಮ್ನೆ ಬೀಳ್ತಾ ಇರುತ್ತೆ" ಎಂದು ಅದನ್ನು ಬಿಟ್ಟು ನೇರ ವೈರ್ ಕೊಡುವವರಿದ್ದಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ.

ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಎಲ್ಲಾ ಎಂಸಿಬಿ (ಒಂದೊಂದು ಲೈನಿನ ಸ್ವಿಚ್) ಇಳಿಸಿ, ಆರ್‌ಸಿಸಿಬಿ ಎತ್ತಿ, ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನನ್ನು ಇಳಿಸಿಯೇ ಬಿಡಿ. ಎಲ್ಲಾ ಇಳಿಸಿದ ಮೇಲೂ ನಿಲ್ಲದಿದ್ದರೆ ತೊಂದರೆ ನ್ಯೂಟ್ರಲ್ ಕಡೆಗಿರಬಹುದು, ಕೈ ಹಾಕದೆ ಎಲೆಕ್ಟ್ರಿಷಿಯನ್ ಕರೆಸಿ. ಅವರು ವೈರಿನ ಸೋರಿಕೆ ಅಳೆಯುವ ಮೆಗ್ಗರ್ ಇಟ್ಟು ನೋಡುತ್ತಾರೆ. ನಮ್ಮಲ್ಲಿ ಪಡಸಾಲೆ ಲೈನ್ ಹೋಗಿತ್ತು. ಆ ಗೋಡೆಯ ಬೋರ್ಡನ್ನೇ ಕೀಳಿಸಿ, ಎದುರು ಗೋಡೆಯಲ್ಲಿ ನಾಲ್ಕೂವರೆ ಅಡಿ ಎತ್ತರಕ್ಕೆ ಹೊರಗಿನ ಪೈಪಿನಲ್ಲಿ ವೈರ್ ಎಳೆಸಿದೆವು. ಚೆಂದ ಕಾಣದಿದ್ದರೂ ಮಕ್ಕಳು ಓಡಾಡುವ ಜಾಗವಾದ್ದರಿಂದ ನನಗೆ ನಿದ್ದೆ ಬಂತು.

ಪೆನ್ಸಿಲ್ ಗೆರೆ

ಇದೇ ನಮಗೆ ಎಲ್ಲಕ್ಕಿಂತ ಜಾಸ್ತಿ ಹೇಳಿಕೊಟ್ಟದ್ದು. ತೇವ ಎಲ್ಲಿವರೆಗೆ ಇದೆಯೋ ಅದರ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ವಾರಕ್ಕೊಮ್ಮೆ ಸಾಕು. ಜೊತೆಗೆ ಆ ವಾರ ಮಳೆ ಹೇಗಿತ್ತು, ಗಾಳಿ ಇತ್ತಾ ಎಂದು ಕ್ಯಾಲೆಂಡರಿನಲ್ಲಿ ಒಂದು ಮಾತು ಬರೆದಿಡಿ.

ತೇವ ಮೇಲಿಂದ ಕೆಳಗೆ ಇಳಿದಿದೆಯಾ, ಕೆಳಗಿಂದ ಮೇಲೆ ಹತ್ತಿದೆಯಾ, ನಡುಗೋಡೆಯಲ್ಲಿ ಮಚ್ಚೆ ಮಚ್ಚೆಯಾಗಿದೆಯಾ, ಮೂಲೆಯಲ್ಲಿ ಕಪ್ಪು ಬೂಸ್ಟು ಮಾತ್ರ ಇದೆಯಾ? ಮಳೆ ಬಂದ ಗಂಟೆಯೊಳಗೆ ಕಾಣುತ್ತದಾ, ಮೂರು ದಿನ ಬಿಟ್ಟು ಕಾಣುತ್ತದಾ? ಮಳೆ ನಿಂತು ಹೊಳವಾದರೆ ಒಣಗುತ್ತದಾ, ಇಲ್ಲಾ ಅಕ್ಟೋಬರ್‌ವರೆಗೂ ಹಾಗೇ ಇರುತ್ತದಾ? ಇಷ್ಟು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆಯಿತು. ನಮ್ಮ ಗೆರೆಗಳು ಮಳೆ ಶುರುವಾಗಿ ಎರಡು ಮೂರು ವಾರ ಆದ ಮೇಲೆ ನಿಧಾನವಾಗಿ ಮೇಲಕ್ಕೆ ಹೋಗುತ್ತಿದ್ದವು, ಒಂದು ದಿನದ ಜೋರು ಮಳೆಗೆ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ. ಮಾಡು ಬಿಚ್ಚಿಸುವ ಮೊದಲೇ ಈ ಗೆರೆ ಎಳೆದಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಮಾಡು ಸೋರುತ್ತಿದೆಯಾ?

ಸೋರಿಕೆ ಇದ್ದರೆ ಕಲೆ ಮೇಲಿಂದ ಇಳಿಯುತ್ತದೆ, ಮಳೆ ಬಂದ ಸ್ವಲ್ಪ ಹೊತ್ತಿಗೇ ಕಾಣುತ್ತದೆ, ಕಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮಳೆ ಸುರಿಯುತ್ತಿರುವಾಗಲೇ ಟಾರ್ಚ್ ಹಿಡಿದು ಅಟ್ಟ ಹತ್ತಿ. ನೀರು ಬೀಳುವ ಜಾಗದ ನೇರ ಮೇಲೆ ತೂತು ಇರುತ್ತದೆ ಎಂದುಕೊಳ್ಳಬೇಡಿ. ಎಲ್ಲೋ ಒಳಗೆ ಬಂದ ನೀರು ರೀಪಿನ ಮೇಲೆ ನಾಲ್ಕೈದು ಅಡಿ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗದಿಂದ ಮೇಲಕ್ಕೆ, ನೆತ್ತಿಯ ಕಡೆಗೆ ಒದ್ದೆ ಮರವನ್ನು ಹಿಂಬಾಲಿಸಿಕೊಂಡು ಹೋಗಬೇಕು.

ತೊಟ್ಟಿ ಮನೆಗಳಲ್ಲಿ ಜಾಸ್ತಿ ಕೈಕೊಡುವುದು ಎರಡು ಮಾಡು ಸೇರುವ ಮೂಲೆಯ ದೋಣಿ. ಅಲ್ಲಿ ಎಲೆ ಕಟ್ಟಿಕೊಂಡು ನೀರು ಉಕ್ಕಿ ಹೆಂಚಿನಡಿ ನುಗ್ಗುತ್ತದೆ. ಆಮೇಲೆ ನೆತ್ತಿಯ ಹೆಂಚಿಗೆ ಮೆತ್ತಿದ ಗಾರೆಯ ಬಿರುಕು, ಮುಸಿಯ (ಮಂಗ) ಹಾರಿ ಜರುಗಿಸಿದ ಹೆಂಚು. ಇನ್ನೊಂದು ಕಾರಣ ಬಹಳ ಜನಕ್ಕೆ ಹೊಳೆಯುವುದಿಲ್ಲ: ಹೆಂಚಿನ ಬೆರಕೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಒಬ್ಬರ ಅಚ್ಚು ಇನ್ನೊಬ್ಬರ ಹಾಗೆ ಇರುವುದಿಲ್ಲ. ಹಳೆ ಹೆಂಚಿನ ನಡುವೆ ಹೊಸದನ್ನು ಸಿಕ್ಕಿಸಿದರೆ ಹೆಂಚಿಗೆ ಹೆಂಚು ಕಚ್ಚುವ ಗಾಡಿ ಸರಿಯಾಗಿ ಕೂರದೆ ಸಂದು ಉಳಿಯುತ್ತದೆ. ನೆಟ್ಟಗಿರುವ ಹಳೆ ಹೆಂಚನ್ನು ಒಂದೂ ಬಿಸಾಡಬೇಡಿ. ಹೊಸದು ತಂದರೆ ಮಾಡಿನ ಒಂದು ಇಡೀ ಮಗ್ಗುಲಿಗೆ ಅದನ್ನೇ ಹಾಕಿಸಿ, ಅಲ್ಲಿಂದ ಬಿಚ್ಚಿದ್ದನ್ನು ಉಳಿದ ಕಡೆಗೆ ಬಳಸಿ.

ಎರಚಲು

ನಮ್ಮ ಕಡೆ ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ. ಪಡುವಣದ, ತೆಂಕಣದ ಗೋಡೆ ಮಾತ್ರ ಒದ್ದೆಯಾಗಿ ಉಳಿದವು ಒಣಗಿದ್ದರೆ, ಅದೂ ಗಾಳಿ ಮಳೆಯ ದಿನವೇ ಆಗುತ್ತಿದ್ದರೆ, ಅದು ಎರಚಲೇ. ಹಿಂದೆ ಮಳೆಗಾಲ ಶುರುವಾಗುವ ಮೊದಲು ಅಡಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಲ್ಲ, ಅದು ಈ ಗೋಡೆಗೇ. ರಿಪೇರಿ ಮಾಡಿಸುವಾಗ ತಟ್ಟಿ ಹಳ್ಳಿ ಥರ ಕಾಣುತ್ತದೆ ಎಂದು ತೆಗೆಯುತ್ತಾರೆ, ಬೆಳಕು ಬರಲಿ ಎಂದು ಸೂರನ್ನೂ ಕತ್ತರಿಸುತ್ತಾರೆ. ಮಣ್ಣಿನ ಗೋಡೆಗೆ ಎರಡೂವರೆ ಮೂರು ಅಡಿ ಸೂರು ಬೇಕು. ಕತ್ತರಿಸಿ ಆಗಿದ್ದರೆ ಪಕಾಸಿಗೆ (ಮಾಡಿನ ಇಳಿಜಾರು ಮರಕ್ಕೆ) ತುಂಡು ಸೇರಿಸಿ ಉದ್ದ ಮಾಡಿಸಿ, ಅಲ್ಲಿವರೆಗೆ ತಟ್ಟಿ ಕಟ್ಟಿ. ನಾವು ಈಗಲೂ ಕಟ್ಟುತ್ತೇವೆ.

ನಳದ ಪೈಪು

ಇದು ಸುಲಭ. ರಾತ್ರಿ ಎಲ್ಲಾ ನಲ್ಲಿ ನಿಲ್ಲಿಸಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಗೋಡೆಯೊಳಗಿನ ಪೈಪೂ ಇರಬಹುದು. ಪೈಪಿನ ತೇವಕ್ಕೆ ಮಳೆಗಾಲ ಬೇಸಿಗೆ ಎಂಬ ಭೇದ ಇರುವುದಿಲ್ಲ.

ಗೋಡೆ ಬೆವರುತ್ತಿದೆಯಾ?

ಹೊರಗಿನ ನೀರೇ ಬೇಡ, ಮನೆಯೊಳಗಿನ ಗಾಳಿಯ ತೇವವೂ ತಣ್ಣಗಿನ ಗೋಡೆಗೆ ಹನಿಯಾಗಿ ಕೂರುತ್ತದೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಟೇಪ್ ಹಿಡಿಯದಿದ್ದರೆ ಮರದ ಪಟ್ಟಿ ಇಟ್ಟು ಸಣ್ಣ ಮೊಳೆ ಹೊಡೆಯಿರಿ. ಎರಡು ದಿನ ಬಿಟ್ಟು ನೋಡಿ. ಹನಿ ನಿಮ್ಮ ಕಡೆಯ ಮೈಮೇಲೆ ಕೂತಿದ್ದರೆ ಅದು ಕೋಣೆಯ ಗಾಳಿಯಿಂದ ಬಂದದ್ದು. ಹಾಳೆಯ ಹಿಂದೆ, ಗೋಡೆಯ ಕಡೆ ಕೂತಿದ್ದರೆ ನೀರು ಗೋಡೆಯೊಳಗೇ ಇದೆ.

ನಮ್ಮ ಅಡುಗೆ ಮನೆಯಲ್ಲಿ ಹನಿ ಹೊರಗಿತ್ತು, ಪಡಸಾಲೆಯಲ್ಲಿ ಹಿಂದಿತ್ತು. ಒಂದೇ ಮನೆ, ಎರಡು ಬೇರೆ ಕಾಯಿಲೆ. ಅಡುಗೆ ಮನೆಯದಕ್ಕೆ ಕಾರಣ ಹುಡುಕುತ್ತಾ ಹೋದರೆ ಸೌದೆ ಒಲೆ ತೆಗೆದದ್ದು ಸಿಕ್ಕಿತು. ಮೊದಲು ಒಲೆಯ ಬಿಸಿಗೆ ಗೋಡೆ ಬೆಚ್ಚಗಿರುತ್ತಿತ್ತು, ಹೆಂಚಿನ ಸಂದಿಯಲ್ಲಿ ಹೊಗೆಯ ಜೊತೆ ತೇವವೂ ಹೊರಗೆ ಹೋಗುತ್ತಿತ್ತು. ಈಗ ಗ್ಯಾಸು. ಗ್ಯಾಸ್ ಉರಿದಾಗಲೂ ನೀರಿನ ಆವಿ ಹುಟ್ಟುತ್ತದೆ, ಅನ್ನದ ಆವಿ ಬೇರೆ. ಅದರ ಮೇಲೆ ನಾವು ಚಳಿ ಎಂದು ಕಿಟಕಿ ಮುಚ್ಚಿ, ಮಾಡಿನಡಿ ಸೀಲಿಂಗ್ ಶೀಟ್ ಹೊಡೆಸಿದ್ದೆವು. ಶೀಟ್‌ನ ಒಂದು ಸಾಲು ಬಿಚ್ಚಿಸಿ, ಒಂದು ಗಾಜಿನ ಹೆಂಚು, ಎಕ್ಸಾಸ್ಟ್ ಫ್ಯಾನ್ ಹಾಕಿಸಿದ ಮೇಲೆ ಬೂಸ್ಟು ನಿಂತಿತು. ಒದ್ದೆ ಬಟ್ಟೆಯನ್ನು ಒಳಗೆ ಒಣಗಿಸುವುದನ್ನೂ ಬಿಟ್ಟೆವು. ಅದಕ್ಕೆ ಬಚ್ಚಲ ಹಂಡೆಯ ಒಲೆಯ ಮೇಲೆ ಹಗ್ಗ ಕಟ್ಟಿದ್ದೇವೆ.

ನೆಲದ ನೀರು, ಮೂರು ಮೆಟ್ಟಿಲ ಕತೆ

ಪಡಸಾಲೆಗೆ ಬರುತ್ತೇನೆ. ಕೆಳಗಿಂದ ಹತ್ತುವ ತೇವ, ಸುಮಾರು ಮೂರಡಿಗೆ ನಿಲ್ಲುವ ಗೆರೆ, ಆ ಗೆರೆಯಲ್ಲೇ ಬಿಳಿ ಉಪ್ಪು. ಇದು ನೆಲದಿಂದ ಗೋಡೆ ಹೀರಿಕೊಳ್ಳುವ ನೀರಿನ ಗುರುತು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ. ನೀರು ಆರಿಹೋಗುತ್ತದೆ, ಅದರಲ್ಲಿ ಕರಗಿದ್ದ ಉಪ್ಪು ಗೋಡೆಯಲ್ಲೇ ಉಳಿಯುತ್ತದೆ.

ಆದರೆ ಅಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂಬುದೇ ನನಗೆ ಅರ್ಥವಾಗಿರಲಿಲ್ಲ. ಒಂದು ದಿನ ಜಗಲಿಯಲ್ಲಿ ಅಡಕೆ ಸುಲಿಯುತ್ತಾ ಕೂತಿದ್ದಾಗ ಅತ್ತೆ ಹೇಳಿದರು, "ನಾನು ಮದುವೆಯಾಗಿ ಬಂದಾಗ ಅಂಗಳಕ್ಕೆ ಮೂರು ಮೆಟ್ಟಿಲು ಇಳೀಬೇಕಿತ್ತು ಕಣೆ. ಈಗ ಒಂದೇ." ಕೆಲಸ ಬಿಟ್ಟು ಎದ್ದು ಹೋಗಿ ಹಾರೆಯಲ್ಲಿ ಅಗೆದು ನೋಡಿದೆ. ಅವರು ಹೇಳಿದ್ದು ನಿಜ. ವರ್ಷ ವರ್ಷ ಮಣ್ಣು ತುಂಬಿ, ಕಾಫಿ ಒಣಗಿಸುವುದಕ್ಕೆ ಕಣ ಎತ್ತರಿಸಿ, ಕೊನೆಗೆ ನಾವು ಅದರ ಮೇಲೆ ಕಾಂಕ್ರೀಟ್ ಹಾಕಿಸಿ, ಎರಡು ಮೆಟ್ಟಿಲು ಒಳಗೆ ಹೂತು ಹೋಗಿದ್ದವು. ಕಲ್ಲಿನ ಪಂಚಾಂಗ ಪೂರ್ತಿ ಮುಚ್ಚಿ, ಅಂಗಳದ ಮಣ್ಣು ನೇರವಾಗಿ ಮಣ್ಣಿನ ಗೋಡೆಗೆ ತಾಗಿತ್ತು. ಮೊದಲು ಸೂರಿನ ನೀರು ಮಣ್ಣಿನ ಅಂಗಳದಲ್ಲಿ ಇಂಗಿ ಇಳಿಜಾರಿಗೆ ಹೋಗುತ್ತಿತ್ತು. ಕಾಂಕ್ರೀಟಾದ ಮೇಲೆ ಅದೇ ನೀರು ಚಿಮ್ಮಿ ಗೋಡೆಗೆ ಬಡಿದು, ಉಳಿದದ್ದು ಕಾಂಕ್ರೀಟಿಗೂ ಗೋಡೆಗೂ ನಡುವಿನ ಸಂದಿಗೆ ಇಳಿಯುತ್ತಿತ್ತು.

ಬೇಲೂರಿಗೆ ಹೋದಾಗ ಚೆನ್ನಕೇಶವ ದೇವಸ್ಥಾನ ಎಂಥ ಜಗತಿಯ ಮೇಲೆ ನಿಂತಿದೆ ನೋಡಿ. 1117ರಲ್ಲಿ ಪ್ರತಿಷ್ಠೆಯಾದದ್ದು, ಅದೂ ಕಲ್ಲಿನದು, ಆದರೂ ನೆಲದಿಂದ ಎತ್ತಿ ಕಟ್ಟಿದ್ದಾರೆ. ನಮ್ಮ ಮಣ್ಣಿನ ಗೋಡೆಗೆ ಪಂಚಾಂಗವೇ ಜಗತಿ. ಅದು ಹೊರಗೆ ಒಂದೂವರೆ ಅಡಿಯಾದರೂ ಕಾಣಬೇಕು.

ನಿಮ್ಮ ಮನೆಯಲ್ಲಿ ಪರೀಕ್ಷೆ ಹೀಗೆ ಮಾಡಿ. ಒಳಗಿನ ನೆಲ ಎಷ್ಟು ಎತ್ತರದಲ್ಲಿದೆ, ಹೊರಗಿನ ನೆಲ ಎಷ್ಟು ಎತ್ತರದಲ್ಲಿದೆ ಎಂದು ನೀರು ತುಂಬಿದ ಟ್ಯೂಬ್ ಹಿಡಿದು ಅಳೆಯಿರಿ. ಹೊರಗಿನದು ಮೇಲಿದ್ದರೆ, ಇಲ್ಲಾ ನಮ್ಮಲ್ಲಿ ಆದ ಹಾಗೆ ಪಂಚಾಂಗ ಮುಚ್ಚುವಷ್ಟು ಏರಿದ್ದರೆ, ಕಾರಣ ಸಿಕ್ಕಿತು. ಆಮೇಲೆ ಗೋಡೆಯಿಂದ ಆರೇಳು ಅಡಿ ದೂರದಲ್ಲಿ ಎರಡಡಿ ಗುಂಡಿ ತೆಗೆದು, ಮಳೆನೀರು ಬೀಳದ ಹಾಗೆ ಮುಚ್ಚಿಡಿ. ಅದರಲ್ಲಿ ತಳದಿಂದ ನೀರು ಎದ್ದರೆ ಜಲ (ನೆಲದೊಳಗಿನ ಒರತೆ) ಬಂದಿದೆ ಎಂದು ಅರ್ಥ. ಪುನರ್ವಸು ಪುಷ್ಯದಲ್ಲಿ ನಮ್ಮ ಕಡೆ ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಬುಡದಲ್ಲೆಲ್ಲಾ ಜಲ ಏಳುತ್ತದಲ್ವಾ, ಹಿಂದೆ ಧರೆ ಇರುವ ಮನೆಗೆ ಇದನ್ನು ನೋಡದೆ ಬಿಡಲೇಬಾರದು. ಹಿಂದಿನವರು ಧರೆಗೂ ಮನೆಗೂ ನಡುವೆ ನೀರು ಹರಿದು ಹೋಗಲು ಆಳದ ಕಣಿ (ಕಾಲುವೆ) ತೆಗೆದಿರುತ್ತಿದ್ದರು. ನಮ್ಮದು ಕಸ ತುಂಬಿ ಮುಚ್ಚಿತ್ತು.

ಸಿಮೆಂಟಿನ ಪಾಲು

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಪಡಸಾಲೆಯ ಪಕ್ಕದ್ದೇ ಭತ್ತದ ಕೋಣೆ. ಅದೇ ಅಂಗಳ, ಅದೇ ಮಣ್ಣು, ಅದೇ ಸೂರು. ಅದರ ಗೋಡೆಗೆ ನಾವು ಕೈ ಹಚ್ಚಿರಲಿಲ್ಲ, ಹಳೆ ಮಣ್ಣಿನ ಸಾರಣೆ, ಮೇಲೆ ಸುಣ್ಣ. ಅಲ್ಲಿ ತೇವ ಒಂದಡಿ ಹತ್ತಿ ನಿಂತಿತ್ತು, ಹೊಳವಾದ ವಾರದಲ್ಲಿ ಒಣಗುತ್ತಿತ್ತು. ಹೀಗೆ ಕೈ ಹಚ್ಚದ ಒಂದು ಗೋಡೆ ನಿಮ್ಮ ಮನೆಯಲ್ಲಿದ್ದರೆ ಅದನ್ನು ಹಾಗೇ ಬಿಟ್ಟು, ಒದ್ದೆ ಗೋಡೆಯ ಜೊತೆ ಹೋಲಿಸಿ ನೋಡಿ.

ಪಡಸಾಲೆ ಗೋಡೆಯನ್ನು ಬೆರಳ ಗಂಟಿನಲ್ಲಿ ತಟ್ಟುತ್ತಾ ಹೋದೆ. ಎರಡಡಿ ಎತ್ತರದಲ್ಲಿ ಟೊಳ್ಳು ಸದ್ದು ಬಂತು. ಮೇಸ್ತ್ರಿ ಅಲ್ಲಿ ಒಂದಡಿ ಚೌಕ ಬಿಡಿಸಿದರು. ಸಿಮೆಂಟಿನ ಚಕ್ಕೆ ರೊಟ್ಟಿಯ ಹಾಗೆ ಇಡಿಯಾಗಿ ಎದ್ದು ಬಂತು. ಹಿಂದಿನ ಮಣ್ಣು ಬೆರಳು ಇಳಿಯುವಷ್ಟು ಮೆತ್ತಗಿತ್ತು. "ಅಕ್ಕಾ, ಇನ್ನೆರಡು ವರ್ಷ ಬಿಟ್ಟಿದ್ರೆ ಗೋಡೆ ಹೊಟ್ಟೆ ಬಿಡ್ತಿತ್ತು" ಎಂದರು ಅವರು.

ಆಗುವುದು ಹೀಗೆ. ಮಣ್ಣು, ಸುಣ್ಣ ಎರಡೂ ತೇವ ಹೀರುತ್ತವೆ, ಬಿಸಿಲು ಗಾಳಿ ಬಂದಾಗ ಬಿಡುತ್ತವೆ. ಸಿಮೆಂಟ್ ಗಟ್ಟಿ, ಮಣ್ಣಿನ ಜೊತೆ ಹಿಗ್ಗುವುದಿಲ್ಲ ಕುಗ್ಗುವುದಿಲ್ಲ, ಹಾಗಾಗಿ ಕೂದಲೆಳೆಯ ಬಿರುಕು ಬಿಡುತ್ತದೆ. ಮಳೆನೀರು ಆ ಬಿರುಕಿನಲ್ಲಿ ಒಳಗೆ ಹೋಗುತ್ತದೆ, ನೆಲದ ನೀರು ಕೆಳಗಿಂದ ಬರುತ್ತದೆ, ಹೊರಗೆ ಹೋಗುವ ದಾರಿ ಮಾತ್ರ ಮುಚ್ಚಿದೆ. ಆಗ ಇನ್ನೂ ಮೇಲೆ ಹತ್ತುತ್ತದೆ. ವಾಟರ್‌ಪ್ರೂಫ್ ಬಣ್ಣ ಹೊಡೆದರೆ ಉಳಿದ ಸಣ್ಣ ದಾರಿಯೂ ಮುಚ್ಚುತ್ತದೆ. ನಮ್ಮ ಜಿಲ್ಲೆಯದೇ ಕಡೂರು ಕಡೆ ಇದೇ ಥರ ಸಿಮೆಂಟ್ ಬಳಿದ ಮಣ್ಣಿನ ಮನೆಗಳು ಎಷ್ಟೋ ವರ್ಷ ನಿಂತಿರುತ್ತವೆ, ಅಲ್ಲಿ ಬಯಲುಸೀಮೆಯ ಮಳೆ. ಅಲ್ಲಿ ಕೆಲಸ ಕಲಿತವರು ಇಲ್ಲಿ ಬಂದು ಅದನ್ನೇ ಮಾಡಿದರೆ ಮಲೆನಾಡಿನ ಮಳೆಗೆ ತಡೆಯುವುದಿಲ್ಲ.

ನಾವು ಸರಿಮಾಡಿದ್ದು

ಮೊದಲು ನೀರು, ಆಮೇಲೆ ಗೋಡೆ. ಧರೆಯ ಕಣಿ ಬಿಡಿಸಿದೆವು. ಅಂಗಳದ ಕಾಂಕ್ರೀಟನ್ನು ಗೋಡೆಯಿಂದ ಮೂರಡಿ ಅಗಲ ಒಡೆಸಿ, ಪಂಚಾಂಗದ ಕಲ್ಲು ಕಾಣುವವರೆಗೆ ಮಣ್ಣು ಇಳಿಸಿ, ಗೋಡೆಯಿಂದ ಆಚೆಗೆ ಇಳಿಜಾರು ಕೊಟ್ಟು ಜಲ್ಲಿ ಹಾಸಿದೆವು. ಇಲ್ಲೊಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು: ಪಂಚಾಂಗದ ತಳಕ್ಕಿಂತ ಕೆಳಗೆ ಅಗೆಯಬೇಡಿ, ಇಡೀ ಉದ್ದವನ್ನು ಒಂದೇ ಸಲ ತೆರೆಯಬೇಡಿ, ಮಳೆಗಾಲದಲ್ಲಿ ಮುಟ್ಟಲೇಬೇಡಿ. ಒಂದು ಸಲಕ್ಕೆ ನಾಲ್ಕಡಿ ತೆಗೆದು, ಅದನ್ನು ಮುಗಿಸಿ, ಮುಂದಕ್ಕೆ ಹೋಗಿ. ಗೋಡೆ ಈಗಾಗಲೇ ಹೊಟ್ಟೆ ಬಿಟ್ಟಿದ್ದರೆ ಆ ಕೋಣೆಯಲ್ಲಿ ಯಾರೂ ಮಲಗಬಾರದು, ತೊಲೆಗೆ ಊರೆ (ಆಸರೆ ಕಂಬ) ಕೊಟ್ಟು ತಿಳಿದವರಿಗೆ ತೋರಿಸಿ.

ಸಿಮೆಂಟನ್ನು ನಾಲ್ಕಡಿವರೆಗೆ ಎರಡೂ ಕಡೆ ಬಿಡಿಸಿ ಗೋಡೆಯನ್ನು ಹಾಗೇ ಬಿಟ್ಟೆವು. ಇದೇ ಕಷ್ಟದ ಕಾಲ. ದಪ್ಪ ಗೋಡೆ ಒಣಗಲು ಇಂಚಿಗೊಂದು ತಿಂಗಳು ಎಂಬುದು ಹಳೆ ಕಟ್ಟಡ ಸರಿಮಾಡುವವರ ಅಂದಾಜು ಲೆಕ್ಕ. ಡಿಸೆಂಬರಿಂದ ಏಪ್ರಿಲ್‌ವರೆಗೆ ಮಣ್ಣು ಉದುರುವ ಗೋಡೆಯ ಪಕ್ಕವೇ ಊಟ, ಮಕ್ಕಳ ಓದು. ಅದೇ ಹೊತ್ತಿಗೆ ಕಾಫಿ ಕೊಯ್ಲು ಬೇರೆ, ಆಳು ಸಿಗುವುದಿಲ್ಲ, ನೆಂಟರು ಬಂದರೆ ಕೂರಿಸಲು ಜಾಗ ಇಲ್ಲ. ಒಂದು ಕೋಣೆಯನ್ನು ಮಾತ್ರ ಯಾವ ಕೆಲಸಕ್ಕೂ ಬಿಟ್ಟುಕೊಡದೆ, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ ದೂಳು ತಡೆದು, ಹಾಸಿಗೆ, ಪುಸ್ತಕ, ಔಷಧಿ ಎಲ್ಲಾ ಅಲ್ಲಿಟ್ಟೆವು. ಅದೊಂದಿದ್ದರೆ ಉಳಿದದ್ದನ್ನು ತಡೆದುಕೊಳ್ಳಬಹುದು. ಅತ್ತೆಗೆ ಕೆಮ್ಮು ಜಾಸ್ತಿಯಾದಾಗ ಎರಡು ವಾರ ನಾದಿನಿ ಮನೆಗೆ ಕಳಿಸಿದೆವು.

ಏಪ್ರಿಲ್ ಕೊನೆಗೆ ಕೆಮ್ಮಣ್ಣು, ಮರಳು, ಕತ್ತರಿಸಿದ ಹುಲ್ಲು ಕಲಸಿ, ಒಂದು ವಾರ ಕೊಳೆಹಾಕಿ ತುಳಿದು, ಎರಡು ತೆಳು ಪದರ ಬಳಿದರು. ಮೇಲೆ ಸುಣ್ಣ, ತೆಳುವಾಗಿ ನಾಲ್ಕು ಸಲ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದಕ್ಕೆ ದಿನ ಬೇಕು, ಅವಸರಕ್ಕೆ ದಪ್ಪ ಬಳಿದರೆ ಪುಡಿಯಾಗಿ ಉದುರುತ್ತದೆ. ಯಾವ ಸುಣ್ಣವಾದರೂ ಮೈ ಸುಡುತ್ತದೆ, ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕುದಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ ಹಾಕಿಸಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಬಿದ್ದರೆ ತಕ್ಷಣ ನೀರಿನಲ್ಲಿ ತುಂಬಾ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಿ.

ಈ ವರ್ಷದ ಪುಷ್ಯ ಮಳೆಗೆ ಪಡಸಾಲೆಯ ಗೆರೆ ಎಂಟು ಇಂಚಿಗೆ ನಿಂತಿದೆ, ಭತ್ತದ ಕೋಣೆಯದಕ್ಕಿಂತಲೂ ಕಡಿಮೆ. ಬಡಗಣ ಮೂಲೆಯಲ್ಲಿ ಮಾತ್ರ ಇನ್ನೂ ಎರಡಡಿ ಇದೆ. ಅಲ್ಲಿ ಬಚ್ಚಲ ನೀರಿನ ಚರಂಡಿ ಗೋಡೆಗೆ ತೀರಾ ಹತ್ತಿರ ಹೋಗುತ್ತದೆ. ಮೊನ್ನೆ ಆ ಚರಂಡಿಗೆ ಒಂದು ಕೊಡ ರಂಗೋಲಿ ಬಣ್ಣದ ನೀರು ಹುಯ್ದು ನೋಡಿದೆವು. ಎರಡು ದಿನ ಬಿಟ್ಟು ಮೂಲೆಯ ಕಲ್ಲಿನ ಸಂದಿಯಲ್ಲಿ ಕೆಂಪು ಕಾಣಿಸಿತು. ಮಳೆ ನಿಂತ ಮೇಲೆ, ಕೊಯ್ಲು ಶುರುವಾಗುವ ಮೊದಲು, ಆ ಚರಂಡಿಯನ್ನು ನಾಲ್ಕಡಿ ಆಚೆಗೆ ತಿರುಗಿಸಬೇಕು. ಮೇಸ್ತ್ರಿಗೆ ಈಗಲೇ ಹೇಳಿಟ್ಟಿದ್ದೇನೆ.